ಬರೆಯದೆ ಬಿಟ್ಟ ಸ್ವರ

ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾದಾಗ, ಎಲ್ಲ ಹಣೆಬರಹ ಎಂದು ಕೈಚೆಲ್ಲಿ ಕುಳಿತಿದ್ದೆ. ಆಗ ಓದಿದ್ದು ಅಜರ್‌ಬೈಜಾನಿನ ಸಂಗೀತ ಸಂಯೋಜಕ ಉಜೈರ್ ಹಾಜಿಬೇಯೊವ್ ಅವರ ಬದುಕು.

1885ರಲ್ಲಿ ಹುಟ್ಟಿದ ಅವರು ಬೆಳೆದದ್ದು ಹಾಡುಗಾರರ ಊರಾದ ಶುಶಾದಲ್ಲಿ. ಲೈಲಾಳ ಸಮಾಧಿಯ ಮುಂದೆ ಮಜ್ನು ಅಳುವ ದೃಶ್ಯವನ್ನು ಬಾಲ್ಯದಲ್ಲಿ ಅಲ್ಲಿಯೇ ನೋಡಿದ್ದರು. ಮುಂದೆ ಬಾಕುವಿನಲ್ಲಿ ಮೇಷ್ಟ್ರಾದರು, ಲೆಕ್ಕದ ಪುಸ್ತಕವನ್ನೂ ಬರೆದರು. 1908ರಲ್ಲಿ, 22ನೇ ವಯಸ್ಸಿಗೇ, ಲೈಲಾ–ಮಜ್ನು ಕಥೆಯನ್ನು ಒಪೆರಾ ಮಾಡಿ ರಂಗಕ್ಕೆ ತಂದರು. ಹೆಣ್ಣುಮಕ್ಕಳು ರಂಗ ಹತ್ತುವ ಕಾಲವಲ್ಲ. ಲೈಲಾಳಾಗಿ ಹುಡುಗನೊಬ್ಬ ಹಾಡಿದ.

ಪ್ರೇಮಿಗಳ ಸಾವು ಮೊದಲೇ ನಿಶ್ಚಯವಾದ ವಿಧಿ. ಆದರೆ ಅವರ ದುಃಖ ಹಾಡುವ ಮುಗಮ್ ಭಾಗಗಳಿಗೆ ಪೂರ್ತಿ ಸ್ವರ ಬರೆಯದೆ, ಗಾಯಕರ ಮನೋಧರ್ಮಕ್ಕೆ ಬಿಟ್ಟರು. 1948ರಲ್ಲಿ ಅವರು ತೀರಿಕೊಂಡರು.

ಹಣೆಬರಹ ಏನೇ ಇರಲಿ, ಹಾಡುವ ಬಗೆ ನನ್ನದೇ ಎನಿಸಿತು. ಗಣಿತಕ್ಕೆ ಮತ್ತೆ ಕಟ್ಟಿದ್ದೇನೆ.