ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಶಿರಸಿಯಿಂದ ಎಕ್ಕಂಬಿ ದಾಟಿ ಹಾವೇರಿ ಕಡೆಗೆ ಹೋದರೆ ಹಾನಗಲ್ಲ ತಾಲೂಕು ಸಿಗುತ್ತದೆ. ಆ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರವರಿ 2ರಂದು ಗುರುಪಾದಯ್ಯ, ನೀಲಮ್ಮ ದಂಪತಿಗಳಿಗೆ ಒಂದು ಗಂಡು ಮಗು ಹುಟ್ಟಿತು. ಹೆಸರು ಗದಿಗೆಯ್ಯ. ಹುಟ್ಟುಗುರುಡು. ಅಣ್ಣನಿಗೂ ಕಣ್ಣಿರಲಿಲ್ಲ. ಆಗಿನ ಕಾಲದಲ್ಲಿ ಇಂಥ ಮಕ್ಕಳಿಗೆ ಶಾಲೆ ಎಲ್ಲಿ ಬರಬೇಕು? ಜಾತ್ರೆಗಳಲ್ಲಿ ಹಾಡಿ ಬೇಡಿಕೊಂಡು ತಿನ್ನೋದೇ ಗತಿ.

ಅಣ್ಣ ತಮ್ಮಂದಿರ ಹಾಡು ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭಾ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದ ಮಹಾತ್ಮರು ಇವರೇ. ಭಕ್ತರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಸ್ವಾಮಿಗಳು ಪವಾಡ ಮಾಡಿ ಕಣ್ಣು ತರಿಸಲಿಲ್ಲ, ಹುಡುಗರನ್ನು ಪಾಠಕ್ಕೆ ಹಚ್ಚಿದರು. ಆಶೀರ್ವಾದ ಸಿಕ್ಕಿತೆಂದು ಹುಡುಗರೂ ಸುಮ್ಮನೆ ಕೂಡಲಿಲ್ಲ.

ಕಣ್ಣಿದ್ದವರು ಪಾಠವನ್ನು ಬರೆದಿಟ್ಟುಕೊಂಡು ನಾಳೆ ನೋಡಿದರಾಯ್ತು ಅನ್ನಬಹುದು. ಕಣ್ಣಿಲ್ಲದವರಿಗೆ ನಾಳೆ ಎಂಬುದಿಲ್ಲ. ಕೇಳಿದ್ದನ್ನು ಆಗಲೇ ಬಾಯಿಂದ ಹತ್ತು ಸಲ, ನೂರು ಸಲ ಹೇಳಿದರೇ ಉಳಿಯೋದು. ನಡುವೆ ಅಣ್ಣ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ತಮ್ಮ ಸಾಧನೆ ಬಿಡಲಿಲ್ಲ. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತು, ಪಂಚಾಕ್ಷರಿ ಗವಾಯಿ ಎಂದು ಹೆಸರಾದರು.

ಅಷ್ಟಕ್ಕೇ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರು ಮತ್ತೆ ಶಿಷ್ಯರಾಗಿ ಕೂತರು. ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಕಲಿತರು. ಗಮಕಕ್ಕೆ ಪಳಗಿದ ಗಂಟಲನ್ನು ಖ್ಯಾಲಿನ ನಿಧಾನ ಆಲಾಪಕ್ಕೆ ಒಗ್ಗಿಸೋದು ಸಣ್ಣ ಕೆಲಸವಲ್ಲ, ಮೊದಲಿನಿಂದ ಸ್ವರ ತಿದ್ದಬೇಕು. ಉಭಯಗಾನ ವಿಶಾರದ ಎಂಬ ಬಿರುದು ಪುಕ್ಕಟೆ ಬಂದದ್ದಲ್ಲ.

ಗವಾಯಿಗಳು ಮದುವೆಯಾಗಲಿಲ್ಲ. ಕಲಿತ ವಿದ್ಯೆಯನ್ನು ಅಂಧರಿಗೆ, ಅನಾಥ ಮಕ್ಕಳಿಗೆ ಧಾರೆ ಎರೆದರು. ಪಾಠಶಾಲೆಗೆ ಮೊದಲು ನಿಂತ ನೆಲೆ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಬೇಕು, ಭಕ್ತರು ಕೊಟ್ಟ ಕಾಳುಕಡಿಯಲ್ಲಿ ಅಷ್ಟೂ ಹೊಟ್ಟೆ ತುಂಬಬೇಕು. ನಾಟಕ ಕಂಪನಿ ನಡೆಸಿದ್ದೂ ಮಕ್ಕಳ ಅನ್ನಕ್ಕಾಗಿಯೇ. ಊಟಕ್ಕೆ ತತ್ವಾರವಾದರೂ ಪಾಠ ಮಾತ್ರ ತಪ್ಪುವಂತಿಲ್ಲ. ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರ ನೆರವಿನಿಂದ ಅಲ್ಲಿ ನೆಲೆ ನಿಂತರು. ಅದೇ ವೀರೇಶ್ವರ ಪುಣ್ಯಾಶ್ರಮ.

ಪದ್ಮಭೂಷಣ ಬಸವರಾಜ ರಾಜಗುರು ಇವರ ಗರಡಿಯಲ್ಲೇ ಪಳಗಿದವರು. ಹಾನಗಲ್ಲ ಸೀಮೆಯ ಇನ್ನೊಬ್ಬ ಕಣ್ಣಿಲ್ಲದ ಹುಡುಗ ಇವರ ಕೈಯಲ್ಲಿ ಬೆಳೆದು ಪುಟ್ಟರಾಜ ಗವಾಯಿಗಳಾದರು. 1944ರ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ವಯಸ್ಸು 52. ಆಶ್ರಮದ ಭಾರ ಹೊತ್ತ ಪುಟ್ಟರಾಜರು 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೂ ಅದನ್ನು ನಡೆಸಿದರು. ಗದುಗಿಗೆ ಹೋಗುವ ಭಕ್ತರು ಗುರುಶಿಷ್ಯರಿಬ್ಬರ ಗದ್ದುಗೆಯ ದರ್ಶನ ಪಡೆಯಬಹುದು. ಕಣ್ಣಿಲ್ಲದ ಮಕ್ಕಳು ಇಂದಿಗೂ ಅಲ್ಲಿ ಸಂಗೀತ ಕಲಿಯುತ್ತಿದ್ದಾರೆ.