ಮೀನುಪೇಟೆಗೆ ಹೋದ ಮಿಲಿಟರಿ ಡಾಕ್ಟರ್

ಅಕ್ವೇರಿಯಂ ಅಂಗಡಿಗಳಲ್ಲಿ ಕ್ಲೌನ್ ಲೋಚ್ ಅಂತ ಒಂದು ಮೀನು ಸಿಗುತ್ತೆ. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆ. ನಮ್ಮಲ್ಲಿ ಬಹಳಷ್ಟು ಜನ ನೋಡಿರುತ್ತೇವೆ. ಅದರ ಸ್ವಂತ ಮನೆ ಸುಮಾತ್ರಾ, ಬೋರ್ನಿಯೋ ದ್ವೀಪಗಳ ಮಳೆಕಾಡಿನ ಹೊಳೆಗಳು. 1852ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟಾತ ಪೀಟರ್ ಬ್ಲೀಕರ್. ಪ್ರೊಫೆಸರ್ ಏನಲ್ಲ, ಡಚ್ ಸೇನೆಯ ಡಾಕ್ಟರ್.

ಹುಟ್ಟಿದ್ದು 1819ರಲ್ಲಿ, ಹಾಲೆಂಡಿನ ಝಾಂಡಾಮ್ ಊರಿನಲ್ಲಿ. ಅಪ್ಪ ಹಡಗಿನ ಹಾಯಿ ಹೊಲಿಯುವವರು. ಹುಡುಗ ಮೊದಲು ಔಷಧಿ ಅಂಗಡಿಯಲ್ಲಿ ಕೆಲಸ ಕಲಿತ, ಆಮೇಲೆ ವೈದ್ಯನಾದ, 1842ರಲ್ಲಿ ಬಟೇವಿಯಾಕ್ಕೆ, ಅಂದರೆ ಇವತ್ತಿನ ಜಕಾರ್ತಕ್ಕೆ, ಬಂದಿಳಿದ.

ಅಲ್ಲಿ ಆತನಿಗೆ ಸಿಕ್ಕ ಲ್ಯಾಬ್ ಎಂದರೆ ಮೀನುಪೇಟೆ! ಹೊಸ ಮೀನು ಕಂಡರೆ ಕೊಳ್ಳೋದು, ಮದ್ಯಸಾರದ ಜಾಡಿಗೆ ಹಾಕಿಡೋದು, ಈಜುರೆಕ್ಕೆಯ ಕಡ್ಡಿಗಳನ್ನೂ ಮೈಮೇಲಿನ ಹುರುಪೆಗಳನ್ನೂ ಒಂದೊಂದಾಗಿ ಎಣಿಸಿ ಬರೆದಿಡೋದು. ಜಾಡಿಗೆ ಬಿದ್ದ ಮೀನಿನ ಬಣ್ಣ ಬೇಗ ಮಾಸುತ್ತೆ, ಲೆಕ್ಕ ಮಾತ್ರ ಬದಲಾಗೋದಿಲ್ಲ. ಕ್ಲೌನ್ ಲೋಚ್ ವಿಷಯದಲ್ಲೂ ಅಷ್ಟೇ. ನಮ್ಮ ಕಣ್ಣು ಪಟ್ಟೆಗೆ ಹೋಗುತ್ತೆ, ಆತ ಹೆಸರು ಕಟ್ಟಿದ್ದು ಅದರ ಕಣ್ಣಿನ ಬಳಿಯಿರುವ ದೊಡ್ಡ ಮುಳ್ಳಿನ ಮೇಲೆ. ಆ ಮೀನು ಸಾಕಿದವರಿಗೆ ಮುಳ್ಳಿನ ಮಹಿಮೆ ಗೊತ್ತು, ಬಲೆಗೆ ಸಿಕ್ಕಿಕೊಂಡರೆ ಬಿಡಿಸೋದೇ ಕಷ್ಟ.

ದೂರದ ಹೊಳೆಗಳಿಗೆಲ್ಲ ಓಡಾಡಲು ಡ್ಯೂಟಿ ಬಿಡಬೇಕಲ್ಲ? ಹಾಗಾಗಿ ಬೇರೆ ದ್ವೀಪಗಳಲ್ಲಿದ್ದ ಡಾಕ್ಟರುಗಳು, ಅಧಿಕಾರಿಗಳು ಜಾಡಿಗಳಲ್ಲಿ ಮೀನು ಕಳಿಸುತ್ತಿದ್ದರು. ಹೀಗೆ ಕೂಡಿದ್ದು 12,000ಕ್ಕೂ ಹೆಚ್ಚು ಮೀನು. ಬರೆದ ಲೇಖನಗಳು ಸುಮಾರು 500. ನಮಗೆ ಒಂದು ಲ್ಯಾಬ್ ರೆಕಾರ್ಡ್ ಮುಗಿಸಲು ಸೆಮಿಸ್ಟರ್ ಸಾಲುವುದಿಲ್ಲ, ಬಿಡಿ.

ಒಂದು ವಿಷಯ ಮಾತ್ರ ನಮಗೆ ಚುಚ್ಚುತ್ತೆ. ಹೊಳೆಗಿಳಿದು ಆ ಮೀನು ಹಿಡಿದವರು ಅಲ್ಲಿಯ ಬೆಸ್ತರು. ಯಾವ ಮೀನು ಯಾವ ಮಡುವಿನಲ್ಲಿ, ಯಾವ ಕಾಲದಲ್ಲಿ ಸಿಗುತ್ತೆ ಅನ್ನೋದು ಅವರಿಗೆ ಮೊದಲೇ ತಿಳಿದಿತ್ತು. ಆದರೆ ಮೀನಿನ ಹೆಸರಿನ ಪಕ್ಕ ಇವತ್ತಿಗೂ ಇರೋದು ಬ್ಲೀಕರ್ ಹೆಸರೊಂದೇ. ವಸಾಹತು ಕಾಲದ ವಿಜ್ಞಾನ ನಡೆದದ್ದೇ ಹೀಗೆ. ಆತನ ದುಡಿಮೆ ಇದರಿಂದ ಸಣ್ಣದಾಗೋದಿಲ್ಲ, ಆದರೆ ಲೆಕ್ಕ ಅರ್ಧ ಬರೆದಂತಾಗುತ್ತೆ.

1860ರಲ್ಲಿ ಊರಿಗೆ ಮರಳಿದ ಬ್ಲೀಕರ್, 1862ರಿಂದ ಆ ಮೀನುಗಳನ್ನೆಲ್ಲ ಬಣ್ಣದ ಚಿತ್ರಗಳೊಂದಿಗೆ ದೊಡ್ಡ ಅಟ್ಲಾಸ್ ಆಗಿ ಹೊರತರತೊಡಗಿದ. ಒಂಬತ್ತು ಸಂಪುಟ ಬಂದವು. ಕೆಲಸ ಮುಗಿಯುವ ಮುಂಚೆಯೇ, 1878ರ ಜನವರಿಯಲ್ಲಿ, ಹೇಗ್ ನಗರದಲ್ಲಿ ತೀರಿಕೊಂಡ. ಉಳಿದ ಚಿತ್ರಗಳು ಅಚ್ಚಾಗಲು ಸುಮಾರು ನೂರು ವರ್ಷ ಹಿಡಿಯಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಅವನ್ನು ಪ್ರಕಟಿಸಿತು.