ದೋರ್ನಕಲ್ ಬಿಷಪ್ ಅಜರಯ್ಯ: ಬಿಳಿಯರ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ

ವಿಜಯವಾಡ ಕಡೆಗೆ ರೈಲಿನಲ್ಲಿ ಹೋದವರಿಗೆ ದೋರ್ನಕಲ್ ಜಂಕ್ಷನ್ ಹೆಸರು ಗೊತ್ತಿರುತ್ತೆ. ವರಂಗಲ್ ದಾಟಿದ ಮೇಲೆ ಸಿಗುವ ಊರು. ಅಲ್ಲೊಂದು ದೊಡ್ಡ ಚರ್ಚ್ ಇದೆ. ದೂರದಿಂದ ನೋಡಿದರೆ ಮಸೀದಿಯ ಗುಮ್ಮಟ, ಹತ್ತಿರ ಹೋದರೆ ದೇವಸ್ಥಾನದ ಮಂಟಪದಂಥ ಕಂಬಗಳು. ಕಟ್ಟಿಸಿದವರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ.

ಬಿಷಪ್ ಅಂದ್ರೆ ದೊಡ್ಡ ಪಾದ್ರಿ, ಅಷ್ಟೇ ಅಂತ ನಮ್ಮಲ್ಲಿ ಅನೇಕರ ತಿಳುವಳಿಕೆ. ಕೆಲಸ ಅದಕ್ಕಿಂತ ಜಾಸ್ತಿ. ಒಂದು ಊರಿನ ಚರ್ಚ್ ನೋಡಿಕೊಳ್ಳೋದು ಪಾದ್ರಿಯ ಕೆಲಸ. ನೂರಾರು ಊರು ಸೇರಿದ ಪ್ರಾಂತ್ಯಕ್ಕೆ ಡಯಾಸಿಸ್ ಅಂತಾರೆ, ಅದರ ಯಜಮಾನಿಕೆ ಬಿಷಪ್‌ದು. ಹೊಸ ಪಾದ್ರಿಗಳಿಗೆ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡೋದು, ಯಾರು ಯಾವ ಊರಿಗೆ ಅಂತ ತೀರ್ಮಾನಿಸೋದು, ತಪ್ಪಿದವರನ್ನು ವಿಚಾರಿಸೋದು, ಜಗಳ ಬಗೆಹರಿಸೋದು ಎಲ್ಲಾ ಅವರ ತಲೆ ಮೇಲೆ. ಬ್ರಿಟಿಷರ ಕಾಲದಲ್ಲಿ ಈ ಕುರ್ಚಿ ಬಿಳಿಯರಿಗೇ ಮೀಸಲು ಅನ್ನುವಂತಿತ್ತು.

ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನಲ್ವೇಲಿ ಸೀಮೆಯ ವೆಲ್ಲಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ನಾಡಾರ್ ಕುಟುಂಬ, ತಂದೆ ಹಳ್ಳಿಯ ಪಾದ್ರಿ. ಹುಡುಗನಿಗೆ ಹದಿನೈದು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ತಾಯಿಯೇ ಬೆಳೆಸಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರೂ ಕೊನೆ ಪರೀಕ್ಷೆ ಹೊತ್ತಿಗೆ ಕಾಯಿಲೆ ಬಿದ್ದು ಡಿಗ್ರಿ ಕೈತಪ್ಪಿತು. ಮುಂದೆ 1920ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಇದೇ ಮನುಷ್ಯನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಕಾಲೇಜು ಬಿಟ್ಟ ಮೇಲೆ ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿ ಊರೂರು ತಿರುಗಿದರು. ಧರ್ಮದ ಕೆಲಸಕ್ಕೆ ಎಷ್ಟು ದಿನ ವಿದೇಶದ ದುಡ್ಡು ಕಾಯೋದು ಅನ್ನುವ ಪ್ರಶ್ನೆ ಅವರನ್ನು ಕಾಡುತ್ತಿತ್ತು. 1903ರಲ್ಲಿ ತಿರುನಲ್ವೇಲಿಯಲ್ಲಿ ಸ್ಥಳೀಯರ ಚಂದಾದಿಂದಲೇ ನಡೆಯುವ ಮಿಷನ್ ಸಂಘ ಕಟ್ಟಲು ಮುಂದೆ ನಿಂತರು. ಆ ಸಂಘ ಆರಿಸಿಕೊಂಡ ಜಾಗವೇ ನಿಜಾಮರ ರಾಜ್ಯದಲ್ಲಿದ್ದ ದೋರ್ನಕಲ್. 1909ರಲ್ಲಿ ಅಜರಯ್ಯ ತಾವೇ ಪಾದ್ರಿ ದೀಕ್ಷೆ ಪಡೆದು ಅಲ್ಲಿಗೆ ಹೊರಟರು. ಮಾತೃಭಾಷೆ ತಮಿಳು, ಜನರದ್ದು ತೆಲುಗು. ತೆಲುಗು ಕಲಿತರು.

ಮರುವರ್ಷ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ. ಅಲ್ಲಿ ಮಾತಾಡಲು ನಿಂತ ಅಜರಯ್ಯ ಮುಚ್ಚುಮರೆ ಮಾಡಲಿಲ್ಲ. ನೀವು ದುಡಿದಿದ್ದೀರಿ, ತ್ಯಾಗ ಮಾಡಿದ್ದೀರಿ, ಆದರೆ ನಮ್ಮನ್ನು ಸ್ನೇಹಿತರಂತೆ ಕಾಣಲಿಲ್ಲ ಎಂಬ ಅರ್ಥದಲ್ಲಿ ನೇರವಾಗಿ ಹೇಳಿಬಿಟ್ಟರು. ಹಲವರಿಗೆ ಅದು ಚುಚ್ಚಿತು.

ಅಂಥವರನ್ನು ಬಿಷಪ್ ಮಾಡಬೇಕು ಎಂದು ಹಠ ಹಿಡಿದವರು ಮದ್ರಾಸಿನ ಇಂಗ್ಲಿಷ್ ಬಿಷಪ್ ಹೆನ್ರಿ ವೈಟ್‌ಹೆಡ್. ವಿರೋಧ ಎರಡೂ ಕಡೆಯಿಂದ ಬಂತು. ಭಾರತೀಯನ ಕೈಕೆಳಗೆ ಹೇಗೆ ಕೆಲಸ ಮಾಡೋದು ಅನ್ನೋದು ಕೆಲವು ಬಿಳಿಯರ ತಕರಾರು. ನಮ್ಮವರಲ್ಲೂ ಕೆಲವರು ಅವರ ಜಾತಿ ಎತ್ತಿ ಆಡಿದರು. ಕೊನೆಗೆ 1912ರ ಡಿಸೆಂಬರ್ 29ರಂದು ಕಲ್ಕತ್ತದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಪಟ್ಟಾಭಿಷೇಕ ಆಯಿತು. ಆಗ ಅವರಿಗೆ 38 ವರ್ಷ.

ಪಟ್ಟ ಸಿಕ್ಕಿತು ಅಂತ ಬಂಗಲೆಯಲ್ಲಿ ಕೂರಲಿಲ್ಲ. ಎತ್ತಿನ ಗಾಡಿ, ಸೈಕಲ್, ಕಾಲ್ನಡಿಗೆಯಲ್ಲಿ ಹಳ್ಳಿಹಳ್ಳಿ ಸುತ್ತಿದರು. ಹೆಂಡತಿ ಅನ್ಬು ಹೆಣ್ಣುಮಕ್ಕಳ ನಡುವೆ ಕೆಲಸಕ್ಕೆ ಜೊತೆಯಾದರು. ಸಭೆಗೆ ಬಂದವರಲ್ಲಿ ಬಹುತೇಕರು ಮಾಲ, ಮಾದಿಗ ಕೇರಿಯ ಬಡ ಕೂಲಿಗಳು. ಮತ ಬದಲಾದರೂ ಈ ಎರಡು ಕೇರಿಗಳ ನಡುವಿನ ಮುನಿಸು ಹೋಗಿರಲಿಲ್ಲ. ಒಂದೇ ಚರ್ಚ್, ಒಂದೇ ಪಾತ್ರೆ ಎಂದು ಅಜರಯ್ಯ ಪಟ್ಟು ಹಿಡಿದರು. ಮೂವತ್ತರ ದಶಕದ ಹೊತ್ತಿಗೆ ಅವರ ಡಯಾಸಿಸ್‌ನ ಜನ ಎರಡು ಲಕ್ಷ ದಾಟಿದ್ದರು.

ಈ ಸಾಮೂಹಿಕ ಮತಾಂತರವನ್ನು ಗಾಂಧೀಜಿ ಒಪ್ಪಲಿಲ್ಲ, ಟೀಕಿಸಿದರು. ಅಜರಯ್ಯ ತಮ್ಮ ನಂಬಿಕೆ ಬಿಡಲಿಲ್ಲ. ಆದರೆ ಬ್ರಿಟಿಷ್ ಸರ್ಕಾರ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡಲು ಬಂದಾಗ ಬೇಡ ಎಂದವರೂ ಇವರೇ. ದೇಶದ ಜನರಿಂದ ನಾವು ಬೇರೆಯಾಗಬಾರದು ಅನ್ನೋದು ಅವರ ನಿಲುವು.

ದೋರ್ನಕಲ್ ಚರ್ಚ್ ಕಟ್ಟೋದು ದುಡ್ಡಿಲ್ಲದೆ ವರ್ಷಗಟ್ಟಲೆ ಎಳೆಯಿತು. 1939ರ ಜನವರಿ 6ರಂದು ಪ್ರತಿಷ್ಠೆಯಾಯಿತು. ಅವರ ಇನ್ನೊಂದು ಕನಸು, ಬೇರೆಬೇರೆ ಪ್ರೊಟೆಸ್ಟೆಂಟ್ ಸಭೆಗಳು ಒಂದಾಗೋದು. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಆ ಮಾತುಕತೆ ಮುಗಿಯೋದನ್ನು ನೋಡಲು ಅವರು ಉಳಿಯಲಿಲ್ಲ. 1945ರ ಜನವರಿ 1ರಂದು ದೋರ್ನಕಲ್‌ನಲ್ಲೇ ತೀರಿಕೊಂಡರು. ಅಲ್ಲಿಯವರೆಗೂ ಆಂಗ್ಲಿಕನ್ ಡಯಾಸಿಸ್ ಒಂದರ ಪೂರ್ತಿ ಹೊಣೆ ಹೊತ್ತ ಭಾರತೀಯ ಅವರೊಬ್ಬರೇ. 32 ವರ್ಷ ಕಳೆದರೂ ಎರಡನೆಯವರಿಗೆ ಆ ಕುರ್ಚಿ ಸಿಗಲಿಲ್ಲ ಎಂಬುದನ್ನೂ ನೆನಪಿಡಬೇಕು.

1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಸಿ.ಎಸ್.ಐ. ಅಂತ ಬೋರ್ಡ್ ಇರುವ ಚರ್ಚ್‌ಗಳನ್ನು ನೋಡಿರುತ್ತೀರಿ. ಆ ಮೂರು ಅಕ್ಷರದ ಹಿಂದೆ ಎತ್ತಿನ ಗಾಡಿಯಲ್ಲಿ ತಿರುಗಿದ ಈ ಮನುಷ್ಯನ ದುಡಿಮೆಯೂ ಇದೆ.